ಥಂಡಿ ನೀರಿಗೆ ಇಳಿಯುವುದು ಹೇಗೆ?

ಮೇ ತಿಂಗಳ ಮಧ್ಯಾಹ್ನ ಕಲಬುರಗಿಯಲ್ಲಿ ನಲ್ಲಿ ತಿರುಗಿಸಿದರೆ ಮಾಳಿಗೆ ಮೇಲಿನ ಕರಿ ಸಿಂಟೆಕ್ಸ್‌ನಿಂದ ಚಹಾಕ್ಕೆ ಅರ್ಧ ಕಾದ ನೀರೇ ಬರುತ್ತದೆ. ಮೊಬೈಲಿನಲ್ಲಿ ಐಸ್ ಹಾಕಿದ ನೀರಿನ ಟಬ್ಬಿನಲ್ಲಿ ಕೂರುವವರ ವಿಡಿಯೊ ನೋಡಿ ಆಸೆಪಟ್ಟವರಿಗೆ ಇಲ್ಲಿ ಮೊದಲ ತೊಡಕು ನೀರಿನದೇ.

ನೀರು ಹೊಂದಿಸುವುದು

ವ್ಯಾಯಾಮದ ನಂತರದ ಮೈಕೈ ನೋವಿಗೆ ಸಾಮಾನ್ಯವಾಗಿ 10ರಿಂದ 15 ಡಿಗ್ರಿ ಸೆಲ್ಸಿಯಸ್‌ನ ನೀರು ಬಳಸುತ್ತಾರೆ. 100 ಲೀಟರ್ ನೀರನ್ನು 28 ಡಿಗ್ರಿಯಿಂದ 15ಕ್ಕೆ ಇಳಿಸಲು ಸುಮಾರು 14 ಕಿಲೊ ಐಸ್ ಬೇಕು. ಅಷ್ಟು ಐಸ್ ಸಿಕ್ಕರೆ ನಾನಂತೂ ಲಿಂಬು ಶರಬತ್ತಿಗೆ ಹಾಕುತ್ತೇನೆ. ಅದಕ್ಕಿಂತ ಡಿಸೆಂಬರ್‌ವರೆಗೆ ಕಾಯಿರಿ. ಬೀದರಿನ ಚಳಿಗೆ ರಾತ್ರಿಯಿಡೀ ಅಂಗಳದ ಡ್ರಮ್ಮಿನಲ್ಲಿ ನಿಂತ ನೀರು ನಸುಕಿಗೆ ಬೆರಳು ಸೆಟೆಯುವಷ್ಟು ಥಂಡಿ ಇರುತ್ತದೆ. ಅಳೆಯಲು ಮೀನಿನ ತೊಟ್ಟಿಯ ಥರ್ಮಾಮೀಟರ್ ಸಾಕು, ಜ್ವರದ್ದು ಇದಕ್ಕೆ ಬಾರದು.

ಮೊದಲ ವಾರ

ಎಂದಿನಂತೆ ಜಳಕ ಮಾಡಿ, ಕೊನೆಯ 30 ಸೆಕೆಂಡು ಮಾತ್ರ ತಣ್ಣೀರು ಹಾಕಿಕೊಳ್ಳಿ. ನೆದರ್ಲೆಂಡ್ಸ್‌ನಲ್ಲಿ ಸುಮಾರು 3,000 ಜನರಲ್ಲಿ ಕೆಲವರು ಎಂದಿನ ಜಳಕವನ್ನೇ ಮಾಡಿ, ಉಳಿದವರು 30 ದಿನ ಹೀಗೆ ಮಾಡಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಎಂದಿನ ಜಳಕದವರಿಗೆ ಹೋಲಿಸಿದರೆ ತಣ್ಣೀರಿನವರ ಅನಾರೋಗ್ಯದ ರಜೆ ಶೇ 29ರಷ್ಟು ಕಡಿಮೆ ಇತ್ತು. ಕಾಯಿಲೆಯ ದಿನಗಳು ಮಾತ್ರ ಇಳಿಯಲಿಲ್ಲ! ಅಂದರೆ ನೆಗಡಿ ಬಂದಿತ್ತು, ಆದರೂ ಕೆಲಸಕ್ಕೆ ಹೋದರು. 30 ಸೆಕೆಂಡಿನವರಿಗೂ 90 ಸೆಕೆಂಡಿನವರಿಗೂ ಫಲ ಒಂದೇ. ಹಾಗಾಗಿ ಹಟ ಬೇಡ.

ಇಳಿಯುವುದು

ತಣ್ಣೀರು ತಾಕಿದ ಕೂಡಲೇ ಉಸಿರು ‘ಹಾ’ ಎಂದು ಒಳಕ್ಕೆ ಎಳೆದುಕೊಳ್ಳುತ್ತದೆ, ಎದೆ ಡಬಡಬ ಬಡಿಯುತ್ತದೆ, ಬಿಪಿ ಏರುತ್ತದೆ. ಮೊದಲ ಅರ್ಧ ನಿಮಿಷ ಇದರ ಜೋರು ಹೆಚ್ಚು, ಎರಡು-ಮೂರು ನಿಮಿಷದಲ್ಲಿ ತಗ್ಗುತ್ತದೆ. ನಮ್ಮಜ್ಜಿ ‘ಮೊದಲ ಕಾಲಿಗೆ ಹಾಕ್ಕೋ, ಆಮ್ಯಾಲ ತಲಿಗೆ’ ಅನ್ನುತ್ತಿದ್ದಳು. ಅದೇ ಕ್ರಮ: ಪಾದ, ಮೊಣಕಾಲು, ಸೊಂಟ, ಆಮೇಲೆ ಎದೆ. ಪ್ರತಿ ಹಂತದಲ್ಲೂ ಬಾಯಿಂದ ಉದ್ದಕ್ಕೆ ಉಸಿರು ಬಿಡಿ. ಬೀದರಿನ ನರಸಿಂಹ ಝರಣಿಯ ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದವರಿಗೆ ಈ ನಿಧಾನ ಗೊತ್ತು. ಬಾವಿಗೋ ಭೀಮಾ ನದಿಗೋ ಜಿಗಿಯುವುದು ಬೇಡವೇ ಬೇಡ. ಆ ‘ಹಾ’ ನೀರಿನೊಳಗೆ ಬಂದರೆ ಪುಪ್ಪುಸಕ್ಕೆ ನೀರೇ ಹೋಗುತ್ತದೆ.

ಎರಡು ನಿಮಿಷದಿಂದ ಶುರು ಮಾಡಿ, ಹತ್ತು ದಾಟಬೇಡಿ. ಮನೆಯವರೊಬ್ಬರು ಹತ್ತಿರವಿರಲಿ. ಹೃದ್ರೋಗ, ಬಿಪಿ, ಮೂರ್ಛೆರೋಗ ಇದ್ದವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇಳಿಯಬಾರದು.

ಎದ್ದ ಮೇಲೆ

ಹೊರಬಂದ ಮೇಲೂ ಸ್ವಲ್ಪ ಹೊತ್ತು ಮೈಯೊಳಗಿನ ಶಾಖ ಇಳಿಯುತ್ತಲೇ ಇರುತ್ತದೆ. ಮೈ ಒರೆಸಿ, ಒಣಬಟ್ಟೆ ಹಾಕಿ, ಚಹಾ ಕುಡಿಯಿರಿ. ಒಮ್ಮೆಲೇ ಹಂಡೆಯ ಸುಡುನೀರು ಸುರಿದುಕೊಂಡರೆ ತಲೆ ಸುತ್ತಬಹುದು.

ಮನಸ್ಸು ಚುರುಕಾಗುತ್ತದೆ, ಸ್ನಾಯು ನೋವು ತುಸು ತಗ್ಗುತ್ತದೆ. ಹೊಟ್ಟೆ ಕರಗುತ್ತದೆಂಬ ಮಾತು ನಂಬಬೇಡಿ. ತೋಳು ಬೆಳೆಸುವ ತಾಲೀಮಿನ ಹುಡುಗರಿಗೆ ಇನ್ನೊಂದು ಮಾತು: ಪ್ರತಿ ಸಲ ಭಾರ ಎತ್ತಿದ ಕೂಡಲೇ ತಣ್ಣೀರಿನಲ್ಲಿ ಕುಳಿತರೆ ಸ್ನಾಯು ಬೆಳೆಯುವುದು ಕುಂಠಿತವಾಗುತ್ತದೆಂದು 2015ರ ಅಧ್ಯಯನವೊಂದು ತೋರಿಸಿದೆ.

ಚಳಿ ಮುಗಿದ ಮೇಲೆ ಡ್ರಮ್ ತೆಗೆದಿಡಬೇಡಿ, ನೆರಳಿಗೆ ಸರಿಸಿ ತುಂಬಿಡಿ. ಬಿಸಿಲಲ್ಲಿ ದುಡಿಯುತ್ತ ಮೈ ಕೆಂಡವಾಗಿ, ಮಾತು ತೊದಲಿ ಕುಸಿದವರಿಗೆ ತಣ್ಣೀರೇ ಮೊದಲ ಔಷಧಿ. 108ಕ್ಕೆ ಫೋನ್ ಮಾಡಿ, ವಾಹನ ಬರುವತನಕ ತಂಬಿಗೆ ತಂಬಿಗೆ ಸುರಿಯುತ್ತ ಗಾಳಿ ಹಾಕಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ನೀರು ಹಾಕಬೇಡಿ.