ಮನೆಯೊಳಗೆ ಸೊಪ್ಪು, ಮೆಣಸಿನಕಾಯಿ: ಮೊದಲು ಬೆಳಕನ್ನು ಅಳೆಯಿರಿ

ಬಾಲ್ಕನಿಗೆ ಬಿಸಿಲೇ ಬೀಳದ ಫ್ಲ್ಯಾಟ್‌ಗಳಲ್ಲಿ ಇರುವ ಬೆಂಗಳೂರಿಗರು ಈಗ ಕೋಣೆಯೊಳಗೆ ಎಲ್‌ಇಡಿ ದೀಪದಡಿ ಸೊಪ್ಪು ಬೆಳೆಯಲು ಹೊರಟಿದ್ದಾರೆ. ಒಳ್ಳೆಯ ಕೆಲಸ. ಆದರೆ ಹೆಚ್ಚಿನವರು ಬೆಳಕಿನ ವಿಚಾರದಲ್ಲಿಯೇ ಎಡವುವುದನ್ನು ನೋಡುತ್ತಾ ಬಂದಿದ್ದೇನೆ. ಒಳಾಂಗಣ ಬೇಸಾಯದ ಬಗ್ಗೆ ಅಂತರ್ಜಾಲದಲ್ಲಿ ಸಿಗುವ ಸಲಹೆಗಳಲ್ಲಿ ಬಹಳಷ್ಟು ಅಮೆರಿಕ, ಕೆನಡಾಗಳ ಗಾಂಜಾ ಬೆಳೆಗಾರರ ಅನುಭವದಿಂದ ಬಂದವು. ಗಿಡಗಳನ್ನು ಒಳಗಿಟ್ಟು ಬೆಳೆಸುವ ಟೆಂಟು, ದೀಪ, ಗೊಬ್ಬರದ ಪ್ರಮಾಣ, ದೀಪ ಉರಿಸುವ ಗಂಟೆ ಎಲ್ಲವೂ ಆ ಗಿಡಕ್ಕೆ ಹೊಂದಿಸಿದವು. ಕೆನಡಾದ ಬಹುತೇಕ ಪ್ರಾಂತ್ಯಗಳಲ್ಲಿ 2018ರಿಂದ ಮನೆಯಲ್ಲಿ ನಾಲ್ಕು ಗಾಂಜಾ ಗಿಡ ಬೆಳೆಯಬಹುದು. ಅದೇ ಟೆಂಟಿನ ಮೂಲೆಯಲ್ಲಿ ಟೊಮೆಟೊ, ಕಾಮಕಸ್ತೂರಿ ಇಡುವವರೂ ಅಲ್ಲಿದ್ದಾರೆ. ನಮ್ಮಲ್ಲಿ ಮಾದಕ ವಸ್ತುಗಳನ್ನು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಗಾಂಜಾ ಗಿಡ ಬೆಳೆಸುವುದು ಹತ್ತು ವರ್ಷದವರೆಗೆ ಕಠಿಣ ಸಜೆಯಾಗಬಹುದಾದ ಅಪರಾಧ. ಕುಂಡದಲ್ಲಿ ಒಂದೇ ಗಿಡ ಎಂದರೂ ವಿನಾಯಿತಿಯಿಲ್ಲ. ಹಾಗಾಗಿ ಟೆಂಟು, ದೀಪಗಳನ್ನು ಬೇಕಾದರೆ ಕೊಳ್ಳಿ, ಅವುಗಳ ಜೊತೆ ಬರುವ ಲೆಕ್ಕವನ್ನು ಮಾತ್ರ ಬಿಟ್ಟುಬಿಡಿ. ಕೊತ್ತಂಬರಿಗೆ ಬೇರೆ ಲೆಕ್ಕ ಬೇಕು.

1. ಜಾಗ

ನಾಲ್ಕು ಅಡಿ ಉದ್ದ, ಒಂದು ಅಡಿ ಅಗಲದ ಕಬ್ಬಿಣದ ರ‍್ಯಾಕ್ ಸಾಕು. ಅಡುಗೆಮನೆಯ ಒಗ್ಗರಣೆಯ ಹೊಗೆ ತಾಗದ ಕಡೆ ಇಡಿ.

2. ದೀಪ

ನೇರಳೆ ಬೆಳಕಿನ ‘ಗ್ರೋ ಲೈಟ್’ ಕೊಳ್ಳಬೇಡಿ. ಅದರಡಿ ಎಲೆ ಹಳದಿಯಾಗಿದೆಯೋ, ಹುಳ ಬಿದ್ದಿದೆಯೋ ಕಣ್ಣಿಗೆ ಕಾಣುವುದೇ ಇಲ್ಲ. ಡಬ್ಬಿಯ ಮೇಲೆ 1000 ವ್ಯಾಟ್ ಎಂದು ದೊಡ್ಡದಾಗಿ ಅಚ್ಚು ಹಾಕಿದ ಎಷ್ಟೋ ದೀಪಗಳು ನಿಜವಾಗಿ ಎಳೆಯುವ ವಿದ್ಯುತ್ತು ಅದರ ಹತ್ತನೇ ಒಂದು ಪಾಲಿನಷ್ಟು. ಎಸ್.ಪಿ. ರಸ್ತೆಯಲ್ಲಾಗಲಿ, ಬಡಾವಣೆಯ ಎಲೆಕ್ಟ್ರಿಕಲ್ ಅಂಗಡಿಯಲ್ಲಾಗಲಿ ಸಿಗುವ 20 ವ್ಯಾಟಿನ ನಾಲ್ಕಡಿ ಬಿಳಿ ಎಲ್‌ಇಡಿ ಟ್ಯೂಬ್ ಸೊಪ್ಪಿಗೆ ಧಾರಾಳವಾಗಿ ಸಾಕು. ಒಂದು ಹಲಗೆಗೆ ನಾಲ್ಕು ಟ್ಯೂಬ್ ಕಟ್ಟಿ.

ಎತ್ತರದ ವಿಷಯದಲ್ಲಿಯೇ ಹೆಚ್ಚು ಜನ ಸೋಲುವುದು. ಟ್ಯೂಬನ್ನು ಚಾವಣಿಗೆ ಹಾಕಿ, ಕೆಳಗೆ ನೆಲದ ಮೇಲೆ ಕುಂಡ ಇಟ್ಟು, ‘ಕೋಣೆಯೆಲ್ಲ ಬೆಳಗುತ್ತಿದೆಯಲ್ಲ, ಇನ್ನೇನು ಬೇಕು’ ಎನ್ನುತ್ತಾರೆ. ನಮ್ಮ ಕಣ್ಣು ಮಂದ ಬೆಳಕಿಗೆ ಹೊಂದಿಕೊಳ್ಳುತ್ತದೆ, ಗಿಡಕ್ಕೆ ಆ ಅನುಕೂಲವಿಲ್ಲ. ಬೆಳಕು ಎಷ್ಟು ಬೀಳುತ್ತಿದೆ ಎಂದು ಅಳೆಯುವ ಮಾನ ಲಕ್ಸ್. ಮಧ್ಯಾಹ್ನದ ಬಯಲಿನ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ದೀಪ ಹಾಕಿದ ಹಜಾರದಲ್ಲಿ ಕೆಲವು ನೂರು ಲಕ್ಸ್ ಇದ್ದರೆ ಹೆಚ್ಚು. ಅಲ್ಲಿ ಹುಟ್ಟಿದ ಮೆಂತ್ಯದ ಸಸಿ ಬೆಳಕು ಹುಡುಕುತ್ತಾ ದಾರದಂತೆ ಉದ್ದವಾಗಿ, ನಾಲ್ಕು ದಿನದಲ್ಲಿ ಮಗುಚಿ ಬೀಳುತ್ತದೆ. ಅದಕ್ಕೆ ಗೊಬ್ಬರ ಸುರಿದು ಕೊಲ್ಲುವವರೂ ಇದ್ದಾರೆ. ತಪ್ಪು ಗೊಬ್ಬರದ್ದಲ್ಲ, ದೂರದ್ದು.

ಹೀಗೆ ಮಾಡಿ. ಟ್ಯೂಬುಗಳನ್ನು ಮೇಲೆ ಕೆಳಗೆ ಸರಿಸಲು ಬರುವಂತೆ ಸರಪಳಿಯಲ್ಲಿ ತೂಗುಹಾಕಿ. ಗಿಡದ ತುದಿಗೂ ಟ್ಯೂಬಿಗೂ ನಡುವೆ ಒಂದು ಗೇಣಿಗಿಂತ ಹೆಚ್ಚು ಅಂತರ ಬೇಡ. ಮೊಬೈಲಿನಲ್ಲಿ ಲಕ್ಸ್ ಅಳೆಯುವ ಉಚಿತ ಆ್ಯಪ್ ಹಾಕಿಕೊಂಡು, ಪರದೆ ಮೇಲ್ಮುಖವಾಗುವಂತೆ ಫೋನನ್ನು ಎಲೆಗಳ ಮಟ್ಟದಲ್ಲಿ ಹಿಡಿಯಿರಿ. ನಿಖರವಲ್ಲದಿದ್ದರೂ ಬಿಳಿ ದೀಪಕ್ಕೆ ಈ ಅಳತೆ ನಡೆಯುತ್ತದೆ (ನೇರಳೆ ದೀಪದಡಿ ಇದು ಪೂರ್ತಿ ದಾರಿ ತಪ್ಪಿಸುತ್ತದೆ). ಸೊಪ್ಪಿಗೆ 10,000ದಿಂದ 15,000 ಲಕ್ಸ್ ಸಿಗಬೇಕು. ಮೆಣಸಿನಕಾಯಿ, ಟೊಮೆಟೊ, ಸ್ಟ್ರಾಬೆರಿ ಕಾಯಿ ಬಿಡಬೇಕಾದರೆ ಅದರ ಎರಡರಷ್ಟು. ಹಲಗೆಯ ಎರಡು ತುದಿಗಳಲ್ಲೂ ಅಳೆಯಿರಿ, ಅಲ್ಲಿ ಬೆಳಕು ನಡುಭಾಗಕ್ಕಿಂತ ಕಡಿಮೆ. ಪುದೀನ, ದೊಡ್ಡಪತ್ರೆಗಳನ್ನು ಆ ತುದಿಗಳಿಗೆ ಸರಿಸಿ. ಗಿಡ ಬೆಳೆದಂತೆ ಟ್ಯೂಬ್ ಮೇಲೆತ್ತುವುದನ್ನು ಮರೆಯಬೇಡಿ. ಗಾಂಜಾಕ್ಕೆಂದೇ ಮಾಡಿದ ಪ್ರಖರ ದೀಪ ಈಗಾಗಲೇ ಕೊಂಡಿದ್ದರೆ ಸೊಪ್ಪಿನಿಂದ ಎರಡಡಿ ಮೇಲಿಟ್ಟು, ಅಳೆದ ಮೇಲೆಯೇ ಕೆಳಗಿಳಿಸಿ.

3. ಗಂಟೆ

ಆ ಸಲಹೆಗಳಲ್ಲೆಲ್ಲ ಹದಿನೆಂಟು ಗಂಟೆ ಬೆಳಕು, ಹೂ ಬರಿಸಲು ಹನ್ನೆರಡು ಗಂಟೆ ಎಂದಿರುತ್ತದೆ. ಗಾಂಜಾ ಹೂ ಬಿಡಲು ಉದ್ದನೆಯ ಕತ್ತಲು ಬೇಡುವ ಗಿಡ, ಆದ್ದರಿಂದ ಆ ಲೆಕ್ಕ. ಕೊತ್ತಂಬರಿ, ಸಬ್ಬಸಿಗೆಗಳ ಸ್ವಭಾವ ತದ್ವಿರುದ್ಧ: ಹಗಲು ಉದ್ದವಾದಷ್ಟೂ ಬೇಗ ಹೂಕಡ್ಡಿ ಎಬ್ಬಿಸಿ, ಎಲೆ ಸಣ್ಣಗಾಗಿ, ಸೊಪ್ಪಿನ ಆಯುಷ್ಯವೇ ಮುಗಿಯುತ್ತದೆ. ಅವೆರಡಕ್ಕೂ ಹನ್ನೆರಡು ಗಂಟೆ ಮೀರಬೇಡಿ. ಮೆಂತ್ಯ, ದಂಟು, ಪುದೀನ, ಕಾಮಕಸ್ತೂರಿಗೆ ಹದಿನಾಲ್ಕು. ಟೊಮೆಟೊಗೆ ರಾತ್ರಿಯೆಲ್ಲ ದೀಪ ಉರಿಸಿದರೆ ಎಲೆ ಹಳದಿ ತಿರುಗುತ್ತದೆ, ಅದಕ್ಕೂ ನಿದ್ದೆ ಬೇಕು. ಎಲ್ಲವನ್ನೂ ಒಂದೇ ಹಲಗೆಯಲ್ಲಿ ತುಂಬಬೇಡಿ. ಕೊತ್ತಂಬರಿಗೆ ಬೇರೆ ಹಲಗೆ, ಬೇರೆ ಟೈಮರ್ ಇರಲಿ.

ಟೈಮರ್ ಡಿಜಿಟಲ್ ಆಗಿರಲಿ, ಒಳಗೆ ಬ್ಯಾಟರಿ ಇರಲಿ. ಮುಳ್ಳು ತಿರುಗಿಸುವ ಅಗ್ಗದ ಟೈಮರ್ ಕರೆಂಟು ಹೋದಷ್ಟು ಹೊತ್ತು ನಿಂತುಬಿಡುತ್ತದೆ, ಮಳೆಗಾಲ ಮುಗಿಯುವಷ್ಟರಲ್ಲಿ ನಿಮ್ಮ ‘ಬೆಳಗ್ಗೆ’ ಮಧ್ಯಾಹ್ನಕ್ಕೆ ಜಾರಿರುತ್ತದೆ.

ಖರ್ಚಿನ ಲೆಕ್ಕ: ನಾಲ್ಕು ಟ್ಯೂಬ್ 80 ವ್ಯಾಟ್, ಹದಿನಾಲ್ಕು ಗಂಟೆಗೆ 1.12 ಯೂನಿಟ್, ತಿಂಗಳಿಗೆ ಹತ್ತಿರ ಹತ್ತಿರ 34 ಯೂನಿಟ್. ಗೃಹಜ್ಯೋತಿಯ ಫಲಾನುಭವಿಗಳು ಬಿಲ್ಲಿನ ಮೇಲೆ ಕಣ್ಣಿಡಿ. ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಬಿಲ್ಲನ್ನು ಪೂರ್ತಿ ಕಟ್ಟಬೇಕಾಗುತ್ತದೆ.

4. ಮಣ್ಣು

ಅರ್ಧ ತೆಂಗಿನ ನಾರಿನ ಪುಡಿ, ಕಾಲು ಎರೆಗೊಬ್ಬರ, ಕಾಲು ಕೆಂಪು ಮಣ್ಣು, ಒಂದು ಹಿಡಿ ಬೇವಿನ ಹಿಂಡಿ. ನಾರಿನ ಪುಡಿಯ ಇಟ್ಟಿಗೆಯನ್ನು ನೆನೆಸಿ, ನೀರು ಬಸಿದು, ಎರಡು ಮೂರು ಸಲ ತೊಳೆಯಿರಿ. ತೊಳೆಯದ ಪುಡಿಯ ಉಪ್ಪಿಗೆ ಎಲೆಯಂಚು ಸುಡುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಅರ್ಕಾ ಹುದುಗಿಸಿದ ಕೋಕೋಪೀಟ್ (ಇದೂ ನಾರಿನ ಪುಡಿಯೇ) ಸಿಕ್ಕರೆ ಅದೇ ಒಳ್ಳೆಯದು. ದಂಟಿನ ಬೀಜಕ್ಕೂ ಅದೇ ಸಂಸ್ಥೆಯ ಅರ್ಕಾ ಸುಗುಣ ತಳಿ ನನ್ನ ಆಯ್ಕೆ, ಮತ್ತೆ ಮತ್ತೆ ಕೊಯ್ಯಬಹುದು. ಬಾಟಲಿಯಲ್ಲಿ ಬರುವ ‘ಬ್ಲೂಮ್ ಬೂಸ್ಟರ್’ ದ್ರವಗಳಿಗೆ ಹಣ ಹಾಕಬೇಡಿ. ಎಲೆ ತಿನ್ನಲು ಬೆಳೆಯುವ ಗಿಡಕ್ಕೆ ಹೂವಿನ ಗೊಬ್ಬರ ಏಕೆ?

5. ಬಿತ್ತನೆ, ನೀರು

ಕೊತ್ತಂಬರಿ ಕಾಳನ್ನು ಲಟ್ಟಣಿಗೆಯಿಂದ ಮೆಲ್ಲಗೆ ಒತ್ತಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ, ಕುಂಡದಲ್ಲಿಯೇ ನೇರ ಬಿತ್ತಿ. ಕಿತ್ತು ನೆಟ್ಟರೆ ಮುನಿಯುತ್ತದೆ. ಪುದೀನಕ್ಕೆ ಮಾರುಕಟ್ಟೆಯ ಕಟ್ಟಿನಿಂದ ನಾಲ್ಕು ಕಡ್ಡಿ ನೀರಿನಲ್ಲಿಟ್ಟರೆ ಬೇರು ಬರುತ್ತದೆ. ಕುಂಡವನ್ನು ತಟ್ಟೆಯಲ್ಲಿಟ್ಟು ಕೆಳಗಿನಿಂದ ನೀರು ಹೀರಲು ಬಿಡಿ, ಅರ್ಧ ಗಂಟೆಯ ಮೇಲೆ ಉಳಿದದ್ದನ್ನು ಚೆಲ್ಲಿ. ಮೇಲ್ಮಣ್ಣು ಸದಾ ಒದ್ದೆಯಿದ್ದರೆ ಸಣ್ಣ ಕಪ್ಪು ನೊಣಗಳು ಮನೆಯೆಲ್ಲ ಹಾರುತ್ತವೆ. ಅಂಟಿನ ಹಳದಿ ಹಾಳೆ ಒಂದು ಸಿಕ್ಕಿಸಿ. ಕೊಳವೆಬಾವಿಯ ಗಡುಸು ನೀರಾದರೆ ಮಣ್ಣಿನ ಮೇಲೆ ಬಿಳಿ ಪದರ ಕಟ್ಟುತ್ತದೆ, ಕಾವೇರಿ ನೀರೋ ಮಳೆನೀರೋ ಇದ್ದರೆ ಅದನ್ನೇ ಹಾಕಿ.

6. ಗಾಳಿ

ಸಣ್ಣ ಟೇಬಲ್ ಫ್ಯಾನ್ ನಿಧಾನಕ್ಕೆ ತಿರುಗುತ್ತಿರಲಿ, ಕಾಂಡ ಗಟ್ಟಿಯಾಗುತ್ತದೆ, ಬೂಷ್ಟು ಹತ್ತುವುದಿಲ್ಲ. ಮೆಣಸಿನಕಾಯಿ, ಟೊಮೆಟೊ ಹೂಗಳು ತಮ್ಮ ಪರಾಗದಿಂದಲೇ ಕಾಯಿ ಕಟ್ಟುತ್ತವೆ, ಆದರೆ ಅಲುಗಾಡಿಸಲು ಗಾಳಿಯೋ ಜೇನೋ ಒಳಗೆ ಇರುವುದಿಲ್ಲ. ಹೂ ಅರಳಿದ ದಿನಗಳಲ್ಲಿ ಬೆಳಗ್ಗೆ ತೊಟ್ಟನ್ನು ಬೆರಳಿನಿಂದ ಮೆಲ್ಲಗೆ ಮಿಡಿಯಿರಿ. ಸ್ಟ್ರಾಬೆರಿ ಹೂವಿನ ನಡುವಿಗೆ ಮೆತ್ತನೆಯ ಚಿತ್ರಕಲೆಯ ಕುಂಚವನ್ನು ಸುತ್ತಲೂ ಆಡಿಸಿ. ಒಂದು ಕಡೆ ಬಿಟ್ಟರೆ ಹಣ್ಣು ಆ ಕಡೆ ಸೊಟ್ಟಗಾಗುತ್ತದೆ. ಮೆಣಸಿನ ಗಿಡ ಇನ್ನೂ ಗೇಣುದ್ದ ಇರುವಾಗ ಬಂದ ಮೊದಲ ಹೂಗಳನ್ನು ಕಿತ್ತು ಹಾಕಿ. ಮನಸ್ಸು ಬಾರದು, ಆದರೂ ಕೀಳಿ: ಆ ಶಕ್ತಿ ಕವಲುಗಳಿಗೆ ಹೋಗಿ, ಮುಂದೆ ಕಾಯಿ ಹೆಚ್ಚು ಬರುತ್ತದೆ.