ಘಾಟಿ ಇಳಿದ ಮೇಲೆ ಬರುವ ಡೇಟಾ

ನಾನು ಸರ್ವರ್ ಕಡೆಯ ಎಂಜಿನಿಯರ್. ಲಾರಿ, ಬಸ್ಸು, ಟ್ಯಾಂಕರ್‌ಗಳಲ್ಲಿ ಕೂರಿಸಿರುವ ಟ್ರ್ಯಾಕರ್‌ಗಳು ಕಳಿಸುವ ಡೇಟಾವನ್ನು ಹಿಡಿದು, ಜೋಡಿಸಿ, ಉಳಿಸಿ, ಲೆಕ್ಕ ತೆಗೆದು ಕೊಡುವ ಕೆಲಸ. ಕಂಪನಿ ಬೆಂಗಳೂರಿನದು. ನಾನು ಕೂರುವುದು ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಯ ಜಗಲಿ ಪಕ್ಕದ ಕೋಣೆಯಲ್ಲಿ. ಶಿವಮೊಗ್ಗದಲ್ಲಿ ಓದಿ, ಬೆಂಗಳೂರಿನಲ್ಲಿ ಕೆಲವು ವರ್ಷ ದುಡಿದು, ಆಮೇಲೆ ಊರಿಗೆ ಬಂದವಳು. ಅಪ್ಪಯ್ಯನಿಗೆ ನನ್ನ ಕೆಲಸ ಅರ್ಥವಾಗಿರುವುದು ಇಷ್ಟೇ: ಸಂಜೆ ಕಾಫಿ ಕುಡಿಯುವಾಗ "ನಿನ್ ಲಾರಿ ಎಲ್ಲಿಗ್ ಬಂತೇ?" ಅಂತ ಕೇಳುತ್ತಾರೆ. ತಪ್ಪೇನಿಲ್ಲ, ಕೆಲಸ ಅದೇ.

'ದೊಡ್ಡ ಡೇಟಾ' ಅಂದರೆ ಎಷ್ಟು ದೊಡ್ಡದು ಅಂತ ಕಾಲೇಜು ಹುಡುಗರು ಕೇಳುತ್ತಾರೆ. ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ. ಒಂದು ಲಕ್ಷ ಗಾಡಿ, ಒಂದೊಂದೂ 10 ಸೆಕೆಂಡಿಗೊಮ್ಮೆ ತಾನೆಲ್ಲಿದ್ದೇನೆ ಅಂತ ಹೇಳಿದರೆ ಸೆಕೆಂಡಿಗೆ 10,000 ದಾಖಲೆ. ದಿನಕ್ಕೆ 86.4 ಕೋಟಿ. ದಾಖಲೆಗೆ 200 ಬೈಟ್ ಅಂದುಕೊಂಡರೆ ದಿನಕ್ಕೆ ಸುಮಾರು 173 ಜಿಬಿ. ಬಂದ ದಾಖಲೆಗಳನ್ನು ಸಾಲಾಗಿ ಹಿಡಿದಿಟ್ಟು ಮುಂದಿನ ಕೆಲಸಗಳಿಗೆ ಕೊಡುವ ಸಾಫ್ಟ್‌ವೇರ್ ಕಾಫ್ಕಾ. ಅದರಲ್ಲಿ ಮೂರು ಪ್ರತಿ ಇಟ್ಟರೆ 520 ಜಿಬಿ, ಏಳು ದಿನ ಉಳಿಸಿಕೊಂಡರೆ 3.6 ಟಿಬಿ. ಇವತ್ತಿನ ಕಾಲಕ್ಕೆ ಇದೇನು ಹೆದರುವ ಗಾತ್ರವಲ್ಲ. ಡಿಸ್ಕ್ ಕೊಂಡರೆ ಮುಗಿಯಿತು. ತಲೆನೋವು ಶುರುವಾಗುವುದು ಹೊತ್ತಿನ ಲೆಕ್ಕದಲ್ಲಿ.

ಶಿವಮೊಗ್ಗದಿಂದ ಕುಂದಾಪುರಕ್ಕೆ ಹೊರಟ ಲಾರಿಯನ್ನೇ ತಗೊಳ್ಳಿ. ತೀರ್ಥಹಳ್ಳಿ ದಾಟಿ ಮಾಸ್ತಿಕಟ್ಟೆ ಕಡೆ ಹೋಗುವವರೆಗೂ ಹೇಗೋ ಸಿಗ್ನಲ್ ಇರುತ್ತದೆ. ಹುಲಿಕಲ್ ಘಾಟಿ ಇಳಿಯಲು ಶುರು ಮಾಡಿದ ಮೇಲೆ ಬರೀ ಕಾಡು. ಜಿಪಿಎಸ್‌ಗೆ ಮೊಬೈಲ್ ಟವರ್ ಬೇಡ, ಆಕಾಶ ಕಂಡರೆ ಸಾಕು. ಹಾಗಾಗಿ ತಾನು ಯಾವ ತಿರುವಿನಲ್ಲಿದ್ದೇನೆ ಅಂತ ಟ್ರ್ಯಾಕರ್‌ಗೆ ಗೊತ್ತು. ಹೇಳಲು ದಾರಿಯಿಲ್ಲ. ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತದೆ. ಹೊಸಂಗಡಿ ಕಳೆದು, ಸಿದ್ದಾಪುರದ ಹತ್ತಿರ ಸಿಗ್ನಲ್ ಸಿಕ್ಕ ಕೂಡಲೇ ಒಂದೇ ಉಸಿರಿಗೆ ಅಷ್ಟನ್ನೂ ಸುರಿಯುತ್ತದೆ. ಐವತ್ತು ನಿಮಿಷ ಸಿಗ್ನಲ್ ಇಲ್ಲದಿದ್ದರೆ 300 ದಾಖಲೆ ಒಟ್ಟಿಗೆ ಬರುತ್ತವೆ.

ಬೆಂಗಳೂರಿನ ಆಫೀಸಿನಲ್ಲಿ ಕೂತು ವಿನ್ಯಾಸ ಮಾಡುವಾಗ ಇಂಥದ್ದನ್ನು 'ಅಪರೂಪದ ಸಂದರ್ಭ' ಅಂತ ಬರೆದು ಪಕ್ಕಕ್ಕೆ ಇಡುತ್ತಾರೆ. ನಮ್ಮ ಕಡೆ ಅದು ದಿನನಿತ್ಯದ್ದು. ನಾನು ಊರಿಗೆ ಬಂದ ಮೇಲೆ ಹಟ ಹಿಡಿದದ್ದು ಇದಕ್ಕೇ: ತಡವಾಗಿ ಬರುವ ಡೇಟಾವೇ ಮಾಮೂಲು ಅಂದುಕೊಂಡು ವ್ಯವಸ್ಥೆ ಕಟ್ಟೋಣ, ಸಮಯಕ್ಕೆ ಸರಿಯಾಗಿ ಬಂದರೆ ಅದು ನಮ್ಮ ಪುಣ್ಯ.

ಟ್ರ್ಯಾಕರ್ ಕಳಿಸುವ ಸಾಲು ನೋಡಲು ಬಹಳ ಸಾದಾ. ಕಾಮಾ ಹಾಕಿದ ಒಂದು ಉದ್ದ ಸಾಲು. ಐಎಂಇಐ (ಸಾಧನದ ಗುರುತಿನ ಸಂಖ್ಯೆ), ಗಾಡಿ ನಂಬರ್, ದಿನಾಂಕ, ಸಮಯ, ಅಕ್ಷಾಂಶ, ರೇಖಾಂಶ, ವೇಗ, ಇಗ್ನಿಷನ್ ಆನೋ ಆಫೋ, ಕೊನೆಗೆ ಒಂದು ಕ್ರಮಸಂಖ್ಯೆ. ಇವುಗಳ ನಡುವೆ ಒಂದೇ ಒಂದು ಅಕ್ಷರ ಇರುತ್ತದೆ, 'ಎಲ್' ಅಥವಾ 'ಎಚ್'. ನಮ್ಮ ದೇಶದ ವಾಹನ ಟ್ರ್ಯಾಕರ್‌ಗಳಿಗೆ ಎಐಎಸ್ 140 ಅನ್ನುವ ಮಾನದಂಡ ಇದೆ. ಅದರ ಪ್ರಕಾರ ಆಗಿಂದಾಗಲೇ ಕಳಿಸಿದ್ದು 'ಎಲ್', ಕೂಡಿಟ್ಟು ಆಮೇಲೆ ಕಳಿಸಿದ್ದು 'ಎಚ್'. ಕನಿಷ್ಠ 40,000 ದಾಖಲೆ ಕೂಡಿಡುವಷ್ಟು ಜಾಗ ಸಾಧನದಲ್ಲಿ ಇರಬೇಕು. 10 ಸೆಕೆಂಡಿಗೊಂದರಂತೆ ನಾಲ್ಕೂವರೆ ದಿನಕ್ಕಿಂತ ಜಾಸ್ತಿ. ಅಂದರೆ ಸೋಮವಾರದ ದಾಖಲೆ ಶುಕ್ರವಾರ ಬಂದರೂ ನಿಯಮದ ಪ್ರಕಾರ ಸರಿಯೇ.

ಆ ಒಂದು ಅಕ್ಷರದ ಮೇಲೆ ನಮ್ಮ ಅರ್ಧ ವ್ಯವಸ್ಥೆ ನಿಂತಿದೆ. ಮೊದಲು ಎಲ್ಲ ದಾಖಲೆಗಳೂ ಒಂದೇ ದಾರಿಯಲ್ಲಿ ಹೋಗುತ್ತಿದ್ದವು. 'ಗಾಡಿ ಜಾಸ್ತಿ ಹೊತ್ತು ನಿಂತಿದೆ' ಅನ್ನುವ ಎಚ್ಚರಿಕೆಯೂ ಅದೇ ದಾರಿಯಲ್ಲಿ ಹುಟ್ಟುತ್ತಿತ್ತು. ಶಿವಮೊಗ್ಗದ ಲಾರಿ ಮಾಲೀಕರೊಬ್ಬರು ಫೋನ್ ಮಾಡಿ ನಕ್ಕಿದ್ದರು: "ಗಾಡಿ ಘಾಟೀಲಿ ನಿಂತಿದೆ ಅಂತ ಈಗ ಮೆಸೇಜ್ ಬಂತಲ್ಲ ಮೇಡಂ, ಡ್ರೈವರ್ ಆಗಲೇ ಕುಂದಾಪುರದಲ್ಲಿ ಮೀನೂಟ ಮಾಡ್ತಾ ಇದಾನೆ!" ಈಗ ಗೇಟ್‌ವೇಯಲ್ಲೇ, ಅಂದರೆ ಸಾಧನಗಳು ಬಂದು ಕನೆಕ್ಟ್ ಆಗುವ ನಮ್ಮ ಬಾಗಿಲಿನ ಸರ್ವರ್‌ನಲ್ಲೇ, ಎರಡು ದಾರಿ. 'ಎಲ್' ಹೋಗುವುದು ಎಚ್ಚರಿಕೆಯ ಟಾಪಿಕ್‌ಗೆ (ಟಾಪಿಕ್ ಅಂದರೆ ಕಾಫ್ಕಾದಲ್ಲಿ ಒಂದು ಬಗೆಯ ದಾಖಲೆಗಳಿಗೆ ಇಟ್ಟ ಜಾಗ), 'ಎಚ್' ಹೋಗುವುದು ಇತಿಹಾಸದ ಟಾಪಿಕ್‌ಗೆ. ಕಿಲೋಮೀಟರ್ ಲೆಕ್ಕಕ್ಕೆ ಎರಡೂ ಬೇಕು, ಎಚ್ಚರಿಕೆಗೆ ಒಂದೇ ಸಾಕು. ಅಕ್ಷರವನ್ನೂ ಪೂರ್ತಿ ನಂಬುವುದಿಲ್ಲ ಅನ್ನಿ. ಕೆಲವು ಅಗ್ಗದ ಸಾಧನಗಳು ಹಳೆಯದಕ್ಕೂ 'ಎಲ್' ಅಂತಲೇ ಬರೆಯುತ್ತವೆ. ಸಾಧನದ ಸಮಯಕ್ಕೂ ನಮಗೆ ಬಂದು ಮುಟ್ಟಿದ ಸಮಯಕ್ಕೂ ಅಂತರ ಜಾಸ್ತಿಯಿದ್ದರೆ ಅಕ್ಷರ ಏನೇ ಹೇಳಲಿ, ಅದು ಹಳೆಯದೇ.

ಕೂಡಿಟ್ಟದ್ದನ್ನು ಕಳಿಸುವ ಕ್ರಮ ಕೂಡ ಒಂದೊಂದು ಕಂಪನಿಯ ಸಾಧನದ್ದು ಒಂದೊಂದು ಥರ. ಒಂದು ಮೊದಲು ಈಗಿನದ್ದು ಹೇಳಿ ಆಮೇಲೆ ಹಳೆಯದನ್ನು ತೆಗೆಯುತ್ತದೆ. ಇನ್ನೊಂದು ಹಳೆಯದನ್ನೆಲ್ಲ ಮುಗಿಸಿಯೇ ಈಗಿನದಕ್ಕೆ ಬರುತ್ತದೆ. 10:48ರ ದಾಖಲೆಯ ಹಿಂದೆಯೇ 10:03ರದ್ದು ಬರುತ್ತದೆ. 'ಗಾಡಿಯ ಕೊನೆಯ ಜಾಗ' ಅನ್ನುವ ಟೇಬಲ್‌ಗೆ ಬಂದದ್ದನ್ನೆಲ್ಲ ಬಂದ ಹಾಗೇ ಬರೆದರೆ ಮ್ಯಾಪಿನಲ್ಲಿ ಲಾರಿ ಮತ್ತೆ ಘಾಟಿ ಹತ್ತುತ್ತದೆ. ಇದಕ್ಕೆ ದೊಡ್ಡ ಮಂತ್ರ ಬೇಕಿಲ್ಲ. ಬರೆಯುವ ಮುಂಚೆ ಒಂದು ಷರತ್ತು: ಹೊಸ ದಾಖಲೆಯ ಸಾಧನ-ಸಮಯ, ಟೇಬಲ್‌ನಲ್ಲಿರುವುದಕ್ಕಿಂತ ಮುಂದಿದ್ದರೆ ಮಾತ್ರ ಬರೆ.

ಇನ್ನು ಕಾಫ್ಕಾ. 2011ರಲ್ಲಿ ಲಿಂಕ್ಡ್‌ಇನ್ ಇದನ್ನು ಓಪನ್ ಸೋರ್ಸ್ ಮಾಡಿತು. ಈಗ ಇಂಥ ಕೆಲಸಕ್ಕೆ ಬಹಳ ಜನ ಇದನ್ನೇ ಬಳಸುತ್ತಾರೆ. ಕಾಫ್ಕಾದಲ್ಲಿ ಒಂದು ಟಾಪಿಕ್ ಹಲವು ಪಾರ್ಟಿಷನ್‌ಗಳಾಗಿ ಒಡೆದಿರುತ್ತದೆ. ಕ್ರಮದ ಖಾತ್ರಿ ಇರುವುದು ಒಂದು ಪಾರ್ಟಿಷನ್ನಿನ ಒಳಗೆ ಮಾತ್ರ. ಹಾಗಾಗಿ ಯಾವ ಕೀ (ದಾಖಲೆ ಯಾವ ಪಾರ್ಟಿಷನ್‌ಗೆ ಅಂತ ತೀರ್ಮಾನಿಸುವ ಗುರುತು) ಕೊಟ್ಟು ಹಂಚುತ್ತೀರಿ ಅನ್ನುವುದೇ ಮುಖ್ಯ. ಮಾಲೀಕರ ಐಡಿ ಕೊಟ್ಟರೆ ಚೆನ್ನಾಗಿರುತ್ತದೆ ಅಂತ ಅನ್ನಿಸುತ್ತದೆ, ಒಬ್ಬರ ಗಾಡಿಗಳೆಲ್ಲ ಒಂದೇ ಕಡೆ ಸಿಗುತ್ತವಲ್ಲ. ಆದರೆ ಒಬ್ಬರ ಹತ್ತಿರ ಎರಡು ಪಿಕಪ್, ಇನ್ನೊಬ್ಬರ ಹತ್ತಿರ ಸಾವಿರಾರು ಬಸ್ಸು. ಆ ಒಂದು ಪಾರ್ಟಿಷನ್ ಬಿಸಿಯಾಗಿ ಹಿಂದೆ ಬೀಳುತ್ತದೆ, ಉಳಿದವು ಆಕಳಿಸುತ್ತಾ ಕೂರುತ್ತವೆ. ನಾವು ಕೊಡುವುದು ಸಾಧನದ ಐಎಂಇಐ. ಹಂಚಿಕೆ ಸಮವಾಗುತ್ತದೆ, ಒಂದು ಟಾಪಿಕ್ ಒಳಗೆ ಒಂದು ಗಾಡಿಯ ದಾಖಲೆಗಳೆಲ್ಲ ಒಂದೇ ಸಾಲಿನಲ್ಲಿ ಬರುತ್ತವೆ. ಒಂದು ಎಚ್ಚರ: ಪಾರ್ಟಿಷನ್‌ಗಳ ಸಂಖ್ಯೆಯನ್ನು ಮಧ್ಯದಲ್ಲಿ ಹೆಚ್ಚಿಸಿದರೆ ಅದೇ ಐಎಂಇಐ ಬೇರೆ ಪಾರ್ಟಿಷನ್‌ಗೆ ಹೋಗಬಹುದು. ಹಳೆಯದು ಒಂದು ಕಡೆ, ಹೊಸದು ಇನ್ನೊಂದು ಕಡೆ. ಶುರುವಿನಲ್ಲೇ ಸ್ವಲ್ಪ ಧಾರಾಳವಾಗಿ ಇಟ್ಟುಕೊಳ್ಳುವುದು ವಾಸಿ.

ಒಂದು ಲಾರಿ 300 ದಾಖಲೆ ಸುರಿದರೆ ಏನೂ ಆಗುವುದಿಲ್ಲ. ಕಷ್ಟ ಬರುವುದು ಮಳೆಗಾಲದಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ, ಅದರಲ್ಲೂ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮರ ಬಿದ್ದು ಕರೆಂಟ್ ಹೋಗುತ್ತದೆ. ಟವರ್‌ನ ಬ್ಯಾಟರಿ ಮುಗಿಯುತ್ತದೆ, ಜನರೇಟರ್‌ಗೆ ಡೀಸೆಲ್ ತರುವವನು ರಸ್ತೆಯಲ್ಲೇ ಸಿಕ್ಕಿಕೊಂಡಿರುತ್ತಾನೆ. ಅರ್ಧ ತಾಲ್ಲೂಕಿನ ಗಾಡಿಗಳು ಒಟ್ಟಿಗೆ ಮಾಯ. ಟವರ್ ಎದ್ದ ಕೂಡಲೇ ಎಲ್ಲವೂ ಒಟ್ಟಿಗೆ ಕನೆಕ್ಟ್ ಆಗಲು ನುಗ್ಗುತ್ತವೆ, ಜೊತೆಗೆ ಗಂಟೆಗಟ್ಟಲೆಯ ಬಾಕಿ.

ಸಾಧನದ ಒಳಗಿನ ಸಾಫ್ಟ್‌ವೇರ್ ನಮ್ಮ ಕೈಯಲ್ಲಿಲ್ಲ. "ಒಬ್ಬೊಬ್ಬರಾಗಿ ಬನ್ನಿ" ಅಂತ ಹೇಳಲು ಆಗುವುದಿಲ್ಲ. ನಮ್ಮ ಕೈಯಲ್ಲಿರುವುದು ಗೇಟ್‌ವೇ. ಸೆಕೆಂಡಿಗೆ ಇಷ್ಟೇ ಹೊಸ ಕನೆಕ್ಷನ್ ಅಂತ ಮಿತಿ ಇಟ್ಟಿದ್ದೇವೆ. ಬಂದದ್ದನ್ನು ಮೆಮೊರಿಯಲ್ಲಿ ಗುಡ್ಡೆ ಹಾಕಿಕೊಳ್ಳುವುದಿಲ್ಲ. ಕಾಫ್ಕಾ ನಿಧಾನವಾದರೆ ಸಾಧನದ ಕನೆಕ್ಷನ್‌ನಿಂದ ಓದುವುದನ್ನೇ ನಿಲ್ಲಿಸುತ್ತೇವೆ. ಆಗ ಎರಡು ತುದಿಗಳ ನಡುವೆ ಡೇಟಾ ಸಾಗಿಸುವ ಟಿಸಿಪಿ ಅನ್ನುವ ನಿಯಮವೇ ಆ ತುದಿಯನ್ನು ತಡೆಯುತ್ತದೆ. ಸಾಧನದ ಹತ್ತಿರ ಜಾಗ ಇದೆಯಲ್ಲ, ಇನ್ನಷ್ಟು ಹೊತ್ತು ಇಟ್ಟುಕೊಳ್ಳಲಿ. ಕಾಫ್ಕಾದ ಮೂರು ಪ್ರತಿಗಳಲ್ಲಿ ಕನಿಷ್ಠ ಎರಡಕ್ಕೆ ಬರೆದಾದ ಮೇಲೆ ಮಾತ್ರ ಸಾಧನಕ್ಕೆ 'ಬಂತು' ಅಂತ ಉತ್ತರ ಹೋಗುತ್ತದೆ. ಆ ಉತ್ತರ ದಾರಿಯಲ್ಲಿ ಕಳೆದುಹೋದರೆ ಸಾಧನ ಅದನ್ನೇ ಮತ್ತೆ ಕಳಿಸುತ್ತದೆ. ಹಾಗಾಗಿ ಒಂದೇ ದಾಖಲೆ ಎರಡೆರಡು ಸಲ ಬರುವುದು ಖಂಡಿತ. ಐಎಂಇಐ, ಸಾಧನ-ಸಮಯ, ಕ್ರಮಸಂಖ್ಯೆ ಮೂರನ್ನೂ ಸೇರಿಸಿ ಒಂದು ಗುರುತು ಮಾಡಿಕೊಂಡಿದ್ದೇವೆ. ಅದೇ ಗುರುತು ಮತ್ತೆ ಬಂದರೆ ಹಳೆಯ ಸಾಲಿನ ಮೇಲೆಯೇ ಬರೆಯುತ್ತದೆ, ಹೊಸ ಸಾಲು ಹುಟ್ಟುವುದಿಲ್ಲ. 'ಸರಿಯಾಗಿ ಒಂದೇ ಸಲ ತಲುಪಿಸುತ್ತೇವೆ' ಅನ್ನುವ ಜಾಹೀರಾತುಗಳನ್ನು ನಾನು ಜಾಸ್ತಿ ನಂಬುವುದಿಲ್ಲ. ಎರಡು ಸಲ ಬಂದರೂ ಲೆಕ್ಕ ಕೆಡದ ಹಾಗೆ ಬರೆಯುವುದೇ ನನಗೆ ನೆಮ್ಮದಿ.

ಕಿಲೋಮೀಟರ್ ಲೆಕ್ಕವನ್ನು ಯಾವಾಗ ಮುಚ್ಚುವುದು? ಹರಿದು ಬರುವ ಡೇಟಾದ ಲೆಕ್ಕ ಹಾಕುವ ಫ್ಲಿಂಕ್, ಸ್ಪಾರ್ಕ್ ಎಂಬ ಸಾಫ್ಟ್‌ವೇರ್‌ಗಳಲ್ಲಿ ವಾಟರ್‌ಮಾರ್ಕ್ ಅನ್ನುವ ಅನುಕೂಲ ಇದೆ. ಇಷ್ಟು ಹೊತ್ತಿನವರೆಗಿನದ್ದೆಲ್ಲ ಬಂದಾಯಿತು ಅಂತ ವ್ಯವಸ್ಥೆ ಅಂದಾಜು ಮಾಡುವ ಗೆರೆ ಅದು. ಗೆರೆ ದಾಟಿ ಬಂದದ್ದನ್ನು ಬಿಟ್ಟುಬಿಡಬಹುದು, ಇಲ್ಲವೇ ಪಕ್ಕಕ್ಕೆ ತೆಗೆದಿಡಬಹುದು. ಗೆರೆ ಎಲ್ಲಿ ಎಳೆಯಬೇಕು ಅನ್ನುವುದು ಎಂಜಿನಿಯರ್ ಒಬ್ಬಳೇ ಕೂತು ಹೇಳುವ ಮಾತಲ್ಲ. ಬಾಡಿಗೆ ಬಿಲ್ ಮಾಡುವವರನ್ನು ಕೇಳಬೇಕು. ಅವರು ಹೇಳಿದ್ದು ಸರಳವಾಗಿತ್ತು: ಬೆಳಿಗ್ಗೆ ನೋಡಲು ಒಂದು ಅಂದಾಜು ಬೇಕು, ವಾರದ ಕೊನೆಗೆ ಪಕ್ಕಾ ಬೇಕು. ಹಾಗಾಗಿ ರಾತ್ರಿ ತೆಗೆಯುವ ಲೆಕ್ಕದ ಪಕ್ಕ 'ತಾತ್ಕಾಲಿಕ' ಅಂತ ಬರೆದಿರುತ್ತದೆ. ಐದು ದಿನ ಕಳೆದ ಮೇಲೆ ಮತ್ತೊಮ್ಮೆ ಲೆಕ್ಕ ಹಾಕಿ ಆ ಪದ ತೆಗೆಯುತ್ತೇವೆ. ಐದು ದಿನ ಯಾಕೆ? ಆ 40,000 ದಾಖಲೆಯ ಲೆಕ್ಕವೇ.

ದಿನ ಅಂದರೆ ಯಾವ ದಿನ ಅನ್ನುವುದೂ ಇತ್ತು. ಸಾಧನ ಕಳಿಸುವುದು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯ. ಅದರ ಮಧ್ಯರಾತ್ರಿ ನಮಗೆ ಬೆಳಗಿನ 5:30. ದಿನದ ಲೆಕ್ಕವನ್ನು ಅಲ್ಲಿ ಕತ್ತರಿಸಿದರೆ ರಾತ್ರಿ ಓಡುವ ಬಸ್ಸಿನ ಕಿಲೋಮೀಟರ್ ಹಿಂದಿನ ದಿನಕ್ಕೆ ಸೇರುತ್ತದೆ. ಯಾವ ಮಾಲೀಕ ಒಪ್ಪುತ್ತಾನೆ? ಉಳಿಸುವುದು ಯುಟಿಸಿಯಲ್ಲಿ, ಕತ್ತರಿಸುವುದು ನಮ್ಮ ಮಧ್ಯರಾತ್ರಿಗೆ.

ನನಗೆ ಬಹಳ ಇಷ್ಟವಾದ ದೋಷ ಒಂದಿದೆ. ಒಮ್ಮೆ ಸ್ಟೋರೇಜ್‌ನಲ್ಲಿ 2004ನೇ ಇಸವಿಯ ಫೋಲ್ಡರ್‌ಗಳು ಕಾಣಿಸಿಕೊಂಡವು. 2004ರಲ್ಲಿ ನಮ್ಮ ಕಂಪನಿಯೇ ಇರಲಿಲ್ಲ. ಜಿಪಿಎಸ್ ಉಪಗ್ರಹಗಳು ವಾರದ ಸಂಖ್ಯೆಯನ್ನು 10 ಬಿಟ್‌ನಲ್ಲಿ ಕಳಿಸುತ್ತವೆ, 0ಯಿಂದ 1023ರವರೆಗೆ. ಆಮೇಲೆ ಮತ್ತೆ 0. 2019ರ ಏಪ್ರಿಲ್ 6ರ ರಾತ್ರಿ ಹೀಗೆ ಒಂದು ಸುತ್ತು ಮುಗಿಯಿತು. ಸುತ್ತು ಬದಲಾದದ್ದು ತಿಳಿಯದ ಸಾಧನಗಳು 1024 ವಾರ ಹಿಂದಿನ ತಾರೀಕು ಹೇಳುತ್ತವೆ. 2024ರ ಜುಲೈ 1ರ ದಾಖಲೆ 2004ರ ನವೆಂಬರ್ 15 ಅಂತ ಬರುತ್ತದೆ. ಗಂಟೆ ನಿಮಿಷ ಎಲ್ಲ ಸರಿ, ವಾರವೂ ಸೋಮವಾರವೇ! ಈಗ ದಾಖಲೆಯ ತಾರೀಕು ಬಂದು ಮುಟ್ಟಿದ ತಾರೀಕಿಗಿಂತ 7,168 ದಿನದ (ಅದೇ 1024 ವಾರ) ಆಸುಪಾಸು ಹಿಂದಿದ್ದರೆ ಅಷ್ಟನ್ನು ಕೂಡಿಸಿಬಿಡುತ್ತೇವೆ. ಬೇರೆ ಥರ ಎಡವಟ್ಟಾದ ತಾರೀಕುಗಳು ಪ್ರತ್ಯೇಕ ಜಾಗಕ್ಕೆ ಹೋಗುತ್ತವೆ, ಯಾರಾದರೂ ಕಣ್ಣಲ್ಲಿ ನೋಡುತ್ತಾರೆ.

ಅದರಿಂದಲೇ ಇನ್ನೊಂದು ತೀರ್ಮಾನಕ್ಕೆ ಬಂದೆವು. ಕಚ್ಚಾ ಡೇಟಾವನ್ನು ಬಂದು ಮುಟ್ಟಿದ ತಾರೀಕಿನ ಫೋಲ್ಡರ್‌ನಲ್ಲೇ ಇಡುತ್ತೇವೆ, ಸಾಲನ್ನು ಒಂದಕ್ಷರವೂ ಮುಟ್ಟದೆ. ಸಾಧನ-ಸಮಯದ ಪ್ರಕಾರ ಜೋಡಿಸಿದ ಪಾರ್ಕೆ ಫೈಲ್‌ಗಳು (ಲೆಕ್ಕಕ್ಕೆ ಬೇಗ ಓದಲು ಅನುಕೂಲವಾದ ಒಂದು ಬಗೆಯ ಫೈಲ್) ಬೇರೆ. ತಡವಾಗಿ ಬಂದ ಒಂದೊಂದು ದಾಖಲೆಗೂ ಹಳೆಯ ದಿನದಲ್ಲಿ ಒಂದೊಂದು ಪುಟಾಣಿ ಫೈಲ್ ಹುಟ್ಟಿದರೆ, ಓದುವಾಗ ಫೈಲ್ ತೆರೆಯುವುದರಲ್ಲೇ ಹೊತ್ತು ಹೋಗುತ್ತದೆ. ರಾತ್ರಿ ಹೊತ್ತು ಒಂದು ಕೆಲಸ ಓಡಿ ಇವನ್ನೆಲ್ಲ ದೊಡ್ಡ ಫೈಲ್‌ಗೆ ಸೇರಿಸುತ್ತದೆ.

ಮನೆಯಿಂದ ಇದೆಲ್ಲ ನೋಡಿಕೊಳ್ಳುವುದು ಹೇಗೆ ಅಂತ ಕೇಳುವವರಿಗೆ ಎರಡು ಮಾತು. ಎರಡು ಕಂಪನಿಯ ಫೈಬರ್ ಹಾಕಿಸಿದರೆ ಸಾಲದು. ಎರಡೂ ಒಂದೇ ಕಂಬದ ಮೇಲೆ ಬಂದಿದ್ದರೆ ಒಂದು ಮರಕ್ಕೆ ಎರಡೂ ಹೋಗುತ್ತವೆ. ನನ್ನದು ಒಂದು ಫೈಬರ್, ಇನ್ನೊಂದು ಸೂರಿನ ಮೇಲೆ ಆಂಟೆನಾ ಕಟ್ಟಿದ 4ಜಿ. ಕಾಫ್ಕಾದ ಮೂರು ಪ್ರತಿಗಳನ್ನು ಮೂರು ಬೇರೆ ಬೇರೆ ಜೋನ್‌ಗಳಲ್ಲಿ (ಒಂದು ಕೆಟ್ಟರೂ ಇನ್ನೊಂದು ನಡೆಯುವ ಹಾಗೆ ಬೇರ್ಪಡಿಸಿದ ಸರ್ವರ್ ಜಾಗಗಳಲ್ಲಿ) ಇಡುವುದೂ ಇದೇ ಕಾರಣಕ್ಕೆ. ಇನ್ನು, ಸರ್ವರ್ ಮೇಲೆ ಮಾಡುವ ಕೆಲಸವೆಲ್ಲ ಟಿಮಕ್ಸ್ ಅನ್ನುವ ಪ್ರೋಗ್ರಾಂ ಒಳಗೆ. ಲೈನ್ ಕಡಿದುಹೋದರೂ ಅರ್ಧ ಓಡಿದ ಕಮಾಂಡ್ ಅಲ್ಲಿ ಓಡುತ್ತಲೇ ಇರುತ್ತದೆ.

ಕಚ್ಚಾ ಡೇಟಾ ಮುಟ್ಟದೆ ಇಟ್ಟದ್ದರ ದೊಡ್ಡ ಲಾಭ ಸಿಗುವುದು ಬೇಸಿಗೆಯಲ್ಲಿ. ಹೊಸ ಕೋಡ್ ಬಿಡುವ ಮುಂಚೆ ಹಿಂದಿನ ಜುಲೈನ ಯಾವುದಾದರೂ ಕೆಟ್ಟ ವಾರವನ್ನು ಆರಿಸಿ, ಪರೀಕ್ಷೆಗೆಂದೇ ಇಟ್ಟ ಸರ್ವರ್‌ಗಳ ಗುಂಪಿನಲ್ಲಿ ಹತ್ತು ಪಟ್ಟು ವೇಗವಾಗಿ ಓಡಿಸುತ್ತೇವೆ. ಕನ್ಸ್ಯೂಮರ್ ಲ್ಯಾಗ್ (ಕಾಫ್ಕಾಗೆ ಬಂದರೂ ಇನ್ನೂ ಓದದೆ ಉಳಿದ ಬಾಕಿ) ಎಷ್ಟು ಏರಿತು, ಎಷ್ಟು ಹೊತ್ತಿಗೆ ಇಳಿಯಿತು ಅಂತ ನೋಡುತ್ತೇವೆ. ಆಮೇಲೆ ಅದೇ ವಾರವನ್ನು ದಾಖಲೆಗಳ ಕ್ರಮ ಕಲಸಿ ಇನ್ನೊಮ್ಮೆ ಓಡಿಸುತ್ತೇವೆ. ಎರಡು ಸಲವೂ ಪ್ರತಿ ಗಾಡಿಯ ಕಿಲೋಮೀಟರ್ ಒಂದೇ ಬರಬೇಕು. ಒಂದು ಗಾಡಿಯದ್ದು ಬೇರೆ ಬಂದರೂ ಕೋಡ್ ವಾಪಸ್.