ಮಳೆಗಾಲಕ್ಕೆ ಮುಂಚೆ ಗೇಟಿಗೆ ಬಣ್ಣ: ಮೊದಲು ತುಕ್ಕು ತೆಗೆಯಿರಿ

ಕುಂದಾಪುರದ ನಮ್ಮ ಮನೆಯ ಗೇಟಿಗೆ ಒಮ್ಮೆ ಏಪ್ರಿಲ್‌ನಲ್ಲಿ ಬಣ್ಣ ಹೊಡೆಸಿದ್ದೆವು. ಬಂದವರು ಅರ್ಧ ಗಂಟೆ ಎಮರಿ ಪೇಪರ್ ಉಜ್ಜಿ, ನೇರವಾಗಿ ಬಣ್ಣದ ಡಬ್ಬಿ ತೆರೆದರು. ಮಧ್ಯಾಹ್ನಕ್ಕೆಲ್ಲ ಗೇಟು ಹೊಸದರಂತೆ ಹೊಳೆಯಿತು. ಚೌತಿ ಹೊತ್ತಿಗೆ ಕೆಳಗಿನ ಪಟ್ಟಿಯ ತುಂಬ ಗುಳ್ಳೆ. ಉಗುರಿನಿಂದ ಒತ್ತಿದರೆ ಕೆಂಪು ನೀರು. ಬಣ್ಣ ಒಳ್ಳೆಯದೇ ಇತ್ತು, ಆದರೆ ಅದರಡಿಯ ತುಕ್ಕು ಹಾಗೇ ಉಳಿದಿತ್ತು. ಆಮೇಲೆ ಅಕ್ಕಪಕ್ಕದ ಎಷ್ಟೋ ಮನೆಗಳಲ್ಲಿ ಇದನ್ನೇ ನೋಡಿದ್ದೇನೆ.

ಕರಾವಳಿಯಲ್ಲಿ ಈ ಕೆಲಸಕ್ಕೆ ಫೆಬ್ರವರಿಯಿಂದ ಏಪ್ರಿಲ್ ಒಳ್ಳೆಯ ಕಾಲ. ಮೇ ಕೊನೆಗೆ ಗಾಳಿಯಲ್ಲಿ ತೇವ ಜಾಸ್ತಿ, ಆಗ ಶುರು ಮಾಡಬೇಡಿ.

ಮೊದಲು ಗೇಟನ್ನು ಸೋಪು ನೀರಿನಿಂದ ತೊಳೆಯಿರಿ. ಇದನ್ನು ಹೆಚ್ಚಿನವರು ಮಾಡುವುದೇ ಇಲ್ಲ. ಕಡಲ ಗಾಳಿ ತಂದ ಉಪ್ಪು ಕಬ್ಬಿಣದ ಮೇಲೆ ಕೂತಿರುತ್ತದೆ. ಅದು ನೀರಿಗೆ ಕರಗುತ್ತದೆ, ಟರ್ಪೆಂಟೈನ್‌ಗೆ ಕರಗುವುದಿಲ್ಲ. ಉಪ್ಪಿನ ಮೇಲೆಯೇ ಬಣ್ಣ ಹೊಡೆದರೆ ಅದು ಒಳಗಿನಿಂದ ತೇವ ಎಳೆಯುತ್ತದೆ, ಗುಳ್ಳೆ ಏಳುತ್ತದೆ. ಚೆನ್ನಾಗಿ ಜಾಲಾಡಿಸಿ, ಬಿಸಿಲಿಗೆ ಒಣಗಲು ಬಿಡಿ.

ಇನ್ನು ತುಕ್ಕು. ಅರ್ಧ ದಿನ ಇದಕ್ಕೇ ಇಟ್ಟುಕೊಳ್ಳಿ. ಹಕ್ಕಳೆ ಎದ್ದ ಕಡೆ ಮೊದಲು ಹಳೆಯ ಉಳಿ ಅಥವಾ ಸ್ಕ್ರೇಪರ್‌ನಿಂದ ಕೆರೆಯಿರಿ, ಸಣ್ಣ ಸುತ್ತಿಗೆಯಿಂದ ತಟ್ಟಿ ಉದುರಿಸಿ. ಅದಾದ ಮೇಲೆಯೇ ತಂತಿ ಬ್ರಷ್. ಗ್ರೈಂಡರಿಗೆ ತಂತಿ ಕಪ್ ಹಾಕಿ ಮೊದಲೇ ತಿರುಗಿಸಿದರೆ ಒಂದು ಮೋಸ ಆಗುತ್ತದೆ: ಗಟ್ಟಿ ತುಕ್ಕು ಹೋಗುವುದಿಲ್ಲ, ಉಜ್ಜಿ ಉಜ್ಜಿ ಕಪ್ಪಗೆ ಮಿರುಗುತ್ತದೆ. ನೋಡಿದವರು ಕಬ್ಬಿಣ ಬಂತು ಅಂದುಕೊಳ್ಳುತ್ತಾರೆ. ನಿಜವಾದ ಕಬ್ಬಿಣ ಬೂದು ಬಿಳುಪಿನ ಬಣ್ಣದ್ದು. ಅನುಮಾನ ಬಂದರೆ ಚಾಕುವಿನ ತುದಿಯಿಂದ ಒಮ್ಮೆ ಕೆರೆದು ನೋಡಿ. ಕಂದು ಪುಡಿ ಬಂದರೆ ಇನ್ನೂ ಕೆಲಸ ಇದೆ.

ಕೊನೆಗೆ 80 ನಂಬರಿನ ಎಮರಿಯಿಂದ ಉಜ್ಜಿ, 120ರಿಂದ ಮುಗಿಸಿ. ಗಟ್ಟಿಯಾಗಿ ಅಂಟಿಕೊಂಡಿರುವ ಹಳೆಯ ಬಣ್ಣವನ್ನು ಪೂರ್ತಿ ತೆಗೆಯಬೇಕಿಲ್ಲ. ಅದರ ಅಂಚನ್ನು ಮಾತ್ರ ಇಳಿಜಾರಾಗಿ ಉಜ್ಜಿ, ಬೆರಳಾಡಿಸಿದರೆ ಮೆಟ್ಟಿಲು ಸಿಗಬಾರದು. ಹೊಳಪು ಇದ್ದ ಕಡೆ ಎಮರಿಯಿಂದ ಮಂಕು ಮಾಡಿ, ಇಲ್ಲದಿದ್ದರೆ ಹೊಸ ಬಣ್ಣ ಹಿಡಿಯುವುದಿಲ್ಲ.

ಜಾಸ್ತಿ ಹೊತ್ತು ಕೊಡಬೇಕಾದದ್ದು ವೆಲ್ಡಿಂಗ್ ಬೆಸುಗೆ, ಕೆಳಗಿನ ಪಟ್ಟಿ, ಕೀಲು, ಸರಳು ಪಟ್ಟಿಗೆ ಸೇರುವ ಮೂಲೆಗಳಿಗೆ. ತುಕ್ಕು ಶುರುವಾಗುವುದೇ ಅಲ್ಲಿ. ವೆಲ್ಡಿಂಗ್ ಸಿಡಿದ ಗುಂಡುಗಳನ್ನು ಉಳಿಯಿಂದ ಹಾರಿಸಿ, ಚೂಪು ಅಂಚನ್ನು ಅರದಿಂದ ಸ್ವಲ್ಪ ದುಂಡು ಮಾಡಿ. ಚೂಪು ಅಂಚಿನಲ್ಲಿ ಬಣ್ಣ ನಿಲ್ಲುವುದಿಲ್ಲ, ಎರಡೂ ಕಡೆಗೆ ಜಾರಿ ತೆಳ್ಳಗಾಗುತ್ತದೆ. ಪೊಳ್ಳು ಪೈಪಿನ ಗೇಟಾದರೆ ತಳದಲ್ಲಿ ಒಂದು ಸಣ್ಣ ತೂತು ಇದೆಯೇ ನೋಡಿ. ಇಲ್ಲದಿದ್ದರೆ ಕೊರೆಸಿ. ಒಳಗೆ ನಿಂತ ನೀರು ಪೈಪನ್ನು ಒಳಗಿನಿಂದಲೇ ತಿನ್ನುತ್ತದೆ.

ಕೆರೆಯುವಾಗ ಕನ್ನಡಕ, ಮಾಸ್ಕ್ ಬೇಕೇ ಬೇಕು. ಮನೆಗಳ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಭಾಗ) ಮೀರಬಾರದು ಎಂಬ ನಿಯಮ ಬಂದದ್ದು 2016ರಲ್ಲಿ. ಅದಕ್ಕಿಂತ ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಅಂಥ ಬಣ್ಣವನ್ನು ಒದ್ದೆ ಮಾಡಿಕೊಂಡು ಉಜ್ಜಿ, ಮಕ್ಕಳನ್ನು ದೂರ ಇಡಿ, ಪುಡಿಯನ್ನು ತೋಟಕ್ಕೆ ಗುಡಿಸಬೇಡಿ.

ಉಜ್ಜಿದ ಮೇಲೆ ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ, ಕೂಡಲೇ ಒಣ ಬಟ್ಟೆಯಿಂದ ಒರೆಸಿ. ಬಿಸಿಲಿನಲ್ಲಿ ಅರ್ಧ ಗಂಟೆ ಬಿಟ್ಟು, ಟರ್ಪೆಂಟೈನ್‌ನಲ್ಲಿ ಅದ್ದಿದ ಬಟ್ಟೆ ಎಳೆಯಿರಿ. ಸೀಮೆಎಣ್ಣೆ ಬೇಡ, ಅದು ಎಣ್ಣೆಯ ಪದರ ಬಿಡುತ್ತದೆ. ಆಮೇಲೆ ಬರಿಗೈಯಿಂದ ಮುಟ್ಟಬೇಡಿ, ಬೆವರಿನಲ್ಲೂ ಉಪ್ಪಿದೆ ಅಲ್ವಾ?

ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲು ಹಚ್ಚುವ ತಳ ಪದರ, ಅದೇ ದಿನ ಬೀಳಬೇಕು. ನಮ್ಮ ಕಡೆಯ ಗಾಳಿಯಲ್ಲಿ ಉಜ್ಜಿದ ಕಬ್ಬಿಣವನ್ನು ರಾತ್ರಿ ಹಾಗೇ ಬಿಟ್ಟರೆ ಬೆಳಿಗ್ಗೆ ಅರಿಶಿನ ಬಳಿದಂತೆ ಕಾಣುತ್ತದೆ. ಹಾಗಾಗಿ ಒಂದು ದಿನಕ್ಕೆ ಎಷ್ಟು ಮುಗಿಯುತ್ತದೋ ಅಷ್ಟನ್ನೇ ಉಜ್ಜಿ, ಗೇಟಿನ ಒಂದು ಬಾಗಿಲು ಇವತ್ತು, ಇನ್ನೊಂದು ನಾಳೆ. ಮೊದಲು ಸಣ್ಣ ಬ್ರಷ್‌ನಿಂದ ಬೆಸುಗೆ, ಅಂಚು, ಬೋಲ್ಟ್‌ಗಳಿಗೆ ಹಚ್ಚಿ. ಅದು ಒಣಗಿದ ಮೇಲೆ ಆ ಇಡೀ ಬಾಗಿಲಿಗೆ ಒಂದು ಕೋಟ್, ಮರುದಿನ ಇನ್ನೊಂದು. ಇಬ್ಬನಿ ಆರುವ ತನಕ ಶುರು ಮಾಡಬೇಡಿ. ಸಂಜೆ ನಾಲ್ಕರ ಮೇಲೆ ಬ್ರಷ್ ಇಳಿಸಿಬಿಡಿ. ಮುಟ್ಟಿದರೆ ಸುಡುವಷ್ಟು ಕಾದ ಕಬ್ಬಿಣಕ್ಕೂ ಹಚ್ಚಬೇಡಿ.

ರೆಡ್ ಆಕ್ಸೈಡ್, ಅಂದರೆ ಮಾಮೂಲಿ ಕೆಂಪು ಪ್ರೈಮರ್, ಸಾಕೇ ಅಂತ ಕೇಳುತ್ತಾರೆ. ಊರ ಒಳಗಿನ ಮನೆಗೆ ಒಳ್ಳೆಯ ಕಂಪನಿಯ ಜಿಂಕ್ ಫಾಸ್ಫೇಟ್ ಪ್ರೈಮರ್ ಹಾಕಿ. ಕಡಲ ದಂಡೆಗೆ ಹತ್ತಿರವಿದ್ದರೆ ಎರಡು ಡಬ್ಬಿ ಕಲಸುವ ಎಪಾಕ್ಸಿ ಪ್ರೈಮರೇ ನನ್ನ ಆಯ್ಕೆ. ಆದರೆ ಹಳೆಯ ಎನಾಮಲ್ ಮೇಲೆ ಎಪಾಕ್ಸಿ ಹಚ್ಚಿದರೆ ಅದರ ಥಿನ್ನರ್ ಕೆಳಗಿನ ಬಣ್ಣವನ್ನು ಸುಕ್ಕುಗಟ್ಟಿಸಿ ಎಬ್ಬಿಸುತ್ತದೆ, ಪೂರ್ತಿ ಬರಿ ಕಬ್ಬಿಣಕ್ಕಷ್ಟೇ ಅದು. ತೂಕದ ಲೆಕ್ಕದಲ್ಲಿ ಸಿಗುವ ಹೆಸರಿಲ್ಲದ ಕೆಂಪು ಪ್ರೈಮರ್ ಖಂಡಿತ ಬೇಡ. ಒಣಗಿದ ಮೇಲೆ ಕೈಗೆ ಪುಡಿ ಹತ್ತಿದರೆ ಅದು ಸುಣ್ಣ ಬಳಿದಷ್ಟೇ ಪ್ರಯೋಜನ.

ಹೊಸ ಗೇಟು ವೆಲ್ಡಿಂಗ್ ಶಾಪಿನಿಂದ ಕೆಂಪು ಬಳಿದುಕೊಂಡೇ ಬಂದರೂ ನಂಬಬೇಡಿ. ಎಷ್ಟೋ ಸಲ ಅದರಡಿ ಎಣ್ಣೆ, ತುಕ್ಕು, ಕಾರ್ಖಾನೆಯ ಕಪ್ಪು ಹೊರಪೊರೆ ಎಲ್ಲವೂ ಇರುತ್ತದೆ. ಸಾಧ್ಯವಾದರೆ ಬಣ್ಣವಿಲ್ಲದೆ ಕೊಡಿ ಅಂತ ಮೊದಲೇ ಹೇಳಿ. ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪಿನದಾದರೆ ನೇರ ಎನಾಮಲ್ ಹಚ್ಚಬೇಡಿ. ಸತುವಿನ ಜೊತೆ ಸೇರಿ ಹಾಳೆ ಹಾಳೆಯಾಗಿ ಏಳುತ್ತದೆ. ಅದಕ್ಕೆ ಸತುವಿನ ಮೇಲೆ ಹಿಡಿಯುವ ಎಚ್ (etch) ಪ್ರೈಮರ್ ಬೇರೆಯೇ ಇದೆ.

ಪ್ರೈಮರ್ ಬಳಿದು ಒಂದು ಮಳೆಗಾಲ ಹಾಗೇ ಬಿಡುವವರೂ ಇದ್ದಾರೆ. ರೆಡ್ ಆಕ್ಸೈಡ್ ತೇವವನ್ನು ಒಳಗೆ ಬಿಡುತ್ತದೆ. ವಾರದೊಳಗೆ ಮೇಲಿನ ಬಣ್ಣ ಆಗಲೇಬೇಕು.

ಎನಾಮಲ್ ತೆಳ್ಳಗೆ ಎರಡು ಕೋಟ್, ನಡುವೆ ಒಂದು ದಿನ ಬಿಡುವು. ಎಪಾಕ್ಸಿ ಹಚ್ಚಿದ್ದರೆ ಮೇಲೆ ಪಿಯು (ಪಾಲಿಯುರೆಥೇನ್) ಬಣ್ಣ. ತೆಳು ಮಾಡಲು ಡಬ್ಬಿಯ ಮೇಲೆ ಬರೆದ ಥಿನ್ನರ್ ಮಾತ್ರ.

ಉಳಿದ ಬಣ್ಣವನ್ನು ಸಣ್ಣ ಬಾಟಲಿಗೆ ತುಂಬಿ, ಮುಚ್ಚಳ ಬಿಗಿದು ಇಟ್ಟುಕೊಳ್ಳಿ. ಮಳೆ ನಿಂತ ಮೇಲೆ, ದೀಪಾವಳಿ ಹೊತ್ತಿಗೆ, ಒಮ್ಮೆ ಕೂತು ಗೇಟಿನ ಕೆಳಗಿನ ಪಟ್ಟಿಯನ್ನು ನೋಡಿ. ಕಡಲೆ ಕಾಳಿನಷ್ಟು ಕೆಂಪು ಕಂಡರೂ ಅಷ್ಟನ್ನೇ ಕೆರೆದು, ಪ್ರೈಮರ್ ಮುಟ್ಟಿಸಿ, ಮರುದಿನ ಬಣ್ಣ ಮುಟ್ಟಿಸಿ.